ರಗ್ಬಿಗೆ ಹೊಸಬರು ಬರಲಿ, ಕಲಿತ ಮೇಲೆ ಪಂದ್ಯಕ್ಕಿಳಿಯಲಿ

ಮಾನ್ಯ ಸಂಪಾದಕರೆ,

ಜೂನ್ ತಿಂಗಳಲ್ಲಿ ಪದವಿ ಕಾಲೇಜುಗಳ ಪ್ರವೇಶದ ಗಡಿಬಿಡಿ ಮುಗಿಯುತ್ತ ಬಂದಂತೆ ಮುಂಬಯಿಯ ಕಾಲೇಜುಗಳ ಜಿಮ್ಖಾನಾ ಫಲಕದ ಮೇಲೆ ಆಟೋಟಗಳ ಆಯ್ಕೆಯ ಸೂಚನೆಗಳು ಕಾಣಿಸಿಕೊಳ್ಳುತ್ತವೆ. ಉಪನಗರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತ, ಕೆಲವು ವರ್ಷಗಳಿಂದ ಅಲ್ಲಿನ ರಗ್ಬಿ ಕ್ಲಬ್ಬಿನ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿರುವವಳು ನಾನು. ಕ್ರಿಕೆಟ್, ಫುಟ್‌ಬಾಲ್, ಕಬಡ್ಡಿಗಳ ಸೂಚನೆಗಳನ್ನು ದಾಟಿ ಬಂದು, 'ರಗ್ಬಿ: ಹೊಸಬರಿಗೆ ಸ್ವಾಗತ' ಎಂಬ ಸಾಲನ್ನು ಓದಿ, ಹೆಸರು ಕೊಡಲೋ ಬೇಡವೋ ಎಂದು ಹಿಂದೆಮುಂದೆ ನೋಡುವ ಮಕ್ಕಳಲ್ಲಿ ನಮ್ಮ ಕನ್ನಡಿಗರ, ತುಳುವರ ಮನೆಯ ಮಕ್ಕಳೂ ಇರುತ್ತಾರೆ. ಹೆಸರು ಕೊಟ್ಟವರಲ್ಲಿ ಹಲವರು ಮರುದಿನವೇ ಬಂದು, "ಮನೆಯಲ್ಲಿ ಬೇಡ ಅಂದರು, ಮೇಡಂ" ಎನ್ನುತ್ತಾರೆ. ಆ ಮನೆಗಳಿಗೂ ಕಾಲೇಜುಗಳ ಆಡಳಿತ ವರ್ಗಕ್ಕೂ ಹೇಳಬೇಕಾದ ಮಾತು ಕೆಲವಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಬೇಡ ಎನ್ನುವ ಹೆತ್ತವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ರಗ್ಬಿ ಮೈಗೆ ಮೈ ತಾಗುವ ಆಟ. ಚೆಂಡು ಹಿಡಿದು ಓಡಿಬರುವವನನ್ನು ತೋಳುಗಳಿಂದ ಸುತ್ತಿ ನೆಲಕ್ಕೆ ಕೆಡಹುವುದು, ಅಂದರೆ ಟ್ಯಾಕಲ್ ಮಾಡುವುದು, ಅದರ ಜೀವಾಳ. ಇಲ್ಲಿ ಪೆಟ್ಟೇ ಆಗುವುದಿಲ್ಲವೆಂದು ಯಾವ ಕೋಚ್ ಹೇಳಿದರೂ ನಂಬಬಾರದು. ಆದರೆ ನಾನು ಕಣ್ಣಾರೆ ಕಂಡ ಮಟ್ಟಿಗೆ, ಹೊಸ ಆಟಗಾರರಿಗೆ ಆದ ದೊಡ್ಡ ಪೆಟ್ಟುಗಳಲ್ಲಿ ಹೆಚ್ಚಿನವು ಆಟ ಕಲಿಯುವ ಮೊದಲೇ ಅವರನ್ನು ಪಂದ್ಯಕ್ಕೆ ಇಳಿಸಿದ್ದರಿಂದ ಆದವು. ಆದ್ದರಿಂದ ನನ್ನ ಮಾತು ಇಷ್ಟೇ: ಹದಿನೆಂಟರ ವಯಸ್ಸಿನಲ್ಲಿ ಏನೂ ಗೊತ್ತಿಲ್ಲದೆ ಬಂದವರಿಗೂ ಈ ಆಟದಲ್ಲಿ ಜಾಗವಿದೆ, ಮಕ್ಕಳನ್ನು ತಡೆಯಬೇಡಿ, ಕಾಲೇಜುಗಳಾದರೂ ಅವರಿಗೆ ಬೀಳುವುದನ್ನೂ ಕೆಡಹುವುದನ್ನೂ ಸರಿಯಾಗಿ ಕಲಿಸದೆ ಒಂದು ಪಂದ್ಯವನ್ನೂ ಆಡಿಸಬಾರದು.

ಜಾಗವಿದೆ ಎಂದದ್ದು ಬರಿಯ ಉತ್ತೇಜನದ ಮಾತಲ್ಲ. ನಮ್ಮ ನಗರದಲ್ಲಿ ಕಾಲೇಜಿನ ಕ್ರಿಕೆಟ್ ತಂಡ ಸೇರಬೇಕೆನ್ನುವ ಹುಡುಗ ಶಾಲಾ ಮಟ್ಟದ ಗೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್ ಪಂದ್ಯಗಳಲ್ಲಿ ಆಡಿ ಬಂದವರ ಜೊತೆ ಪೈಪೋಟಿಗಿಳಿಯಬೇಕಾಗುತ್ತದೆ. ಹತ್ತನೆಯ ವಯಸ್ಸಿಗೇ ಕೋಚಿಂಗಿಗೆ ಹೋಗದವನಿಗೆ ಅಲ್ಲಿ ನೆಟ್ಸ್‌ನಲ್ಲಿ ಚೆಂಡು ಹಾಕುವ ಅವಕಾಶವೂ ಸಿಗುವುದು ಕಷ್ಟ. ರಗ್ಬಿಯ ಸ್ಥಿತಿ ಹಾಗಿಲ್ಲ. ನಮ್ಮ ದೇಶದಲ್ಲಿ ಬಹುತೇಕ ಶಾಲೆಗಳಲ್ಲಿ ಈ ಆಟವೇ ಇಲ್ಲದಿರುವುದರಿಂದ ಕಾಲೇಜಿನಲ್ಲಿ ಮೊದಲ ಬಾರಿಗೆ ಮೊಟ್ಟೆಯಾಕಾರದ ಆ ಚೆಂಡನ್ನು ಕೈಗೆತ್ತಿಕೊಂಡವರೇ ತಂಡದಲ್ಲಿ ಹೆಚ್ಚು. ಪಕ್ಕದಲ್ಲಿ ನಿಂತವನೂ ಅಷ್ಟೇ ಹೊಸಬ. ದೇಶದ ತಂಡದಲ್ಲಿಯೂ ಇದಕ್ಕೆ ನಿದರ್ಶನ ಸಿಗುತ್ತದೆ. ಬಿಹಾರದ ಬಾಢ್ ಎಂಬ ಊರಿನ ಸ್ವೀಟಿ ಕುಮಾರಿ ಮೊದಲು ಓಟದ ಸ್ಪರ್ಧೆಗಳಲ್ಲಿದ್ದವರು. ಅವರ ವೇಗವನ್ನು ಕಂಡವರು ರಗ್ಬಿಗೆ ಕರೆತಂದರು, ಮುಂದೆ 2019ರಲ್ಲಿ ಮಹಿಳಾ ರಗ್ಬಿಯ ಅಂತರರಾಷ್ಟ್ರೀಯ ಯುವ ಆಟಗಾರ್ತಿ ಎಂಬ ಗೌರವ ಅವರಿಗೆ ಬಂತು.

ಮೈಕಟ್ಟಿನ ವಿಷಯದಲ್ಲಿಯೂ ಈ ಆಟ ಉದಾರವಾದುದು. ಹದಿನೈದು ಜನರ ತಂಡದಲ್ಲಿ 1ರಿಂದ 8ನೆಯ ಸಂಖ್ಯೆಯ ಅಂಗಿ ತೊಡುವವರು ಫಾರ್ವರ್ಡ್‌ಗಳು, ಉಳಿದ ಏಳು ಜನ ಬ್ಯಾಕ್‌ಗಳು. ಎರಡೂ ತಂಡಗಳ ಫಾರ್ವರ್ಡ್‌ಗಳು ಸಾಲುಗಟ್ಟಿ ಬಾಗಿ ಚೆಂಡಿಗಾಗಿ ತಳ್ಳಾಡುವ ಕಟ್ಟೇ ಸ್ಕ್ರಮ್; ಅದರ ಮುಂದಿನ ಸಾಲಿನಲ್ಲಿ ಭುಜ ಕೊಟ್ಟು ತಳ್ಳುವ ಪ್ರಾಪ್‌ಗೆ ತೂಕ ಬೇಕು; ಅವನ ಬೆನ್ನ ಹಿಂದೆ ನಿಲ್ಲುವ ಲಾಕ್‌ಗೆ ಎತ್ತರ ಬೇಕು; ಸ್ಕ್ರಮ್ಮಿನಿಂದ ಹೊರಬಂದ ಚೆಂಡನ್ನೆತ್ತಿ ಪಾಸ್ ಮಾಡುವ 9ನೆಯ ಸಂಖ್ಯೆಯವನು ಕುಳ್ಳಗಿದ್ದರೂ ನಡೆಯುತ್ತದೆ, ಚುರುಕಾಗಿರಬೇಕು; ಅಂಚಿನಲ್ಲಿ ಓಡುವ ವಿಂಗ್‌ಗೆ ವೇಗವಿದ್ದರೆ ಸಾಕು. ಶಾಲೆಯಲ್ಲಿ 'ದಪ್ಪ' ಎಂದು ಆಟದ ಪೀರಿಯಡ್ಡಿನಲ್ಲಿ ಬದಿಗೆ ಕೂರಿಸಿದ್ದ ಹುಡುಗನೊಬ್ಬ ನಮ್ಮ ಕ್ಲಬ್ಬಿಗೆ ಬಂದ ಮೊದಲ ವಾರದಲ್ಲಿಯೇ ತಂಡಕ್ಕೆ ಬೇಕಾದವನಾದುದನ್ನು ನಾನು ನೋಡಿದ್ದೇನೆ. ಆಟಗಳ ವಿಷಯದಲ್ಲಿ ನಮ್ಮ ಶಾಲೆಗಳು ಎಷ್ಟು ಮಕ್ಕಳನ್ನು ಹೀಗೆ ಬದಿಗೆ ಕೂರಿಸಿವೆಯೋ ಎಂದು ಆಗೆಲ್ಲ ಸಂಕಟವಾಗುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪದ ವಿಷಯ. ಅಂತರಕಾಲೇಜು ಪಂದ್ಯಾವಳಿಯ ಪ್ರಕಟಣೆ ಬಂದೊಡನೆ ಕೆಲವು ಕಾಲೇಜುಗಳು ಫುಟ್‌ಬಾಲ್ ತಂಡದಿಂದ ನಾಲ್ವರನ್ನು, ಕಬಡ್ಡಿ ತಂಡದಿಂದ ನಾಲ್ವರನ್ನು, ಜಿಮ್ಮಿಗೆ ಹೋಗುವ ಇನ್ನಿಬ್ಬರನ್ನು ಒಟ್ಟುಗೂಡಿಸಿ, ನಿಯಮಗಳನ್ನು ಬಾಯಿಮಾತಿನಲ್ಲಿ ಹೇಳಿಕೊಟ್ಟು, ಪ್ರಮಾಣಪತ್ರ ಸಿಗುತ್ತದೆ, ಕೃಪಾಂಕಕ್ಕೆ ಅನುಕೂಲವಾಗುತ್ತದೆ ಎಂಬ ಆಸೆ ತೋರಿಸಿ ಮೈದಾನಕ್ಕೆ ಇಳಿಸುತ್ತವೆ. ತಂಡ ಇಳಿಸಿದ ಹೆಸರು ಕಾಲೇಜಿಗೆ, ಭುಜದ ಕೀಲು ತಪ್ಪಿದರೆ ನೋವು ಹುಡುಗನಿಗೆ. ಇದು ಅನ್ಯಾಯ. ಇಂಥ ತಂಡದಲ್ಲಿ ಆಡಿ ಕೈ ಮುರಿದುಕೊಂಡು ಬಂದ ಮಗನನ್ನು ಕಂಡ ತಾಯಿ ಇಡೀ ವಠಾರಕ್ಕೆ ರಗ್ಬಿ ಅಪಾಯದ ಆಟವೆಂದು ಹೇಳಿದರೆ ತಪ್ಪು ಆ ತಾಯಿಯದಲ್ಲ.

ಸರಿಯಾದ ಕ್ಲಬ್ಬಿನಲ್ಲಿ ಹೊಸಬನಿಗೆ ಮೊದಲು ಕಲಿಸುವುದು ಬೀಳುವುದನ್ನು. ಕೆಳಗೆ ಬೀಳುವಾಗ ಅಂಗೈ ಚಾಚಿ ನೆಲಕ್ಕೆ ಊರುವುದು ಮನುಷ್ಯನ ಸಹಜ ಅಭ್ಯಾಸ. ಮಣಿಕಟ್ಟು ಮುರಿಯುವುದು ಹೆಚ್ಚಾಗಿ ಅದರಿಂದ. ಚೆಂಡನ್ನು ಎರಡೂ ಕೈಯಲ್ಲಿ ಎದೆಗವಚಿ, ಗಲ್ಲವನ್ನು ಎದೆಯ ಕಡೆಗೆ ಬಾಗಿಸಿ, ತೊಡೆ, ಪಕ್ಕೆ, ಭುಜ ಹೀಗೆ ಒಂದೊಂದಾಗಿ ನೆಲ ತಾಗುವಂತೆ ಹೊರಳಿ ಬೀಳುವುದು ಅಭ್ಯಾಸದಿಂದಲೇ ಬರುವಂಥದು. ಆಮೇಲೆ ಟ್ಯಾಕಲ್. ಮೊದಲು ಇಬ್ಬರೂ ಮಂಡಿಯೂರಿ, ನಂತರ ಚೆಂಡಿನವನು ನಡೆದು ಬರುವಾಗ, ಅದಾದ ಮೇಲೆ ಇಬ್ಬರೂ ನಡೆಯುತ್ತ, ಕೊನೆಗೆ ಮೆಲ್ಲನೆ ಓಡುತ್ತ, ಹೀಗೆ ಹಂತಹಂತವಾಗಿ ಇದನ್ನು ಕಲಿಸಬೇಕು. ಕಣ್ಣು ತೆರೆದಿರಬೇಕು, ಬೆನ್ನು ನೇರವಾಗಿರಬೇಕು, ಭುಜ ಎದುರಾಳಿಯ ಸೊಂಟಕ್ಕೋ ತೊಡೆಗೋ ತಾಗಬೇಕು, ತೋಳುಗಳು ಸುತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಲೆ ಎದುರಾಳಿಯ ಮೈಯ ಹಿಂಬದಿಗೆ ಇರಬೇಕು, ಮುಂದೆ ಅಡ್ಡ ಬರಬಾರದು. ತಲೆ ತಪ್ಪಾದ ಬದಿಗೆ ಇದ್ದರೆ ಓಡಿಬರುವವನ ಮಂಡಿಯ ಅಥವಾ ಸೊಂಟದ ಏಟು ನೇರವಾಗಿ ತಲೆಗೇ ಬೀಳುತ್ತದೆ. ಈ ಒಂದು ವಿಷಯ ಮೈಗೂಡುವವರೆಗೆ ವೇಗದ ಅಭ್ಯಾಸಕ್ಕೆ ಹೋಗದ ಕೋಚ್ ಸಿಕ್ಕರೆ ಹೆತ್ತವರು ಅರ್ಧ ಚಿಂತೆ ಬಿಡಬಹುದು.

ನಮ್ಮ ಮಕ್ಕಳಲ್ಲಿ ಕಬಡ್ಡಿ ಆಡಿ ಬಂದವರು ಬಹಳ ಇರುವುದರಿಂದ ಇಲ್ಲಿ ಒಂದು ಮಾತು ಸೇರಿಸಬೇಕು. ಧೈರ್ಯ, ಹಿಡಿತದ ಬಲ, ಎದುರಾಳಿಯ ಕಾಲ ಚಲನೆಯನ್ನು ಓದುವ ಜಾಣ್ಮೆ, ಇವನ್ನೆಲ್ಲ ಅವರು ಕಬಡ್ಡಿಯಿಂದಲೇ ತಂದಿರುತ್ತಾರೆ, ಮತ್ತು ರಗ್ಬಿಯಲ್ಲಿ ಅವು ದೊಡ್ಡ ಬಂಡವಾಳ. ಆದರೆ ಎರಡು ಅಭ್ಯಾಸಗಳನ್ನು ಅವರು ಬಿಡಬೇಕಾಗುತ್ತದೆ. ಕಬಡ್ಡಿಯಲ್ಲಿ ರೈಡರ್ ಗೆರೆ ಮುಟ್ಟದಂತೆ ಹಿಡಿದುಕೊಂಡೇ ಇರುವುದು ಗೆಲುವು. ರಗ್ಬಿಯಲ್ಲಿ ಕೆಡವಿದ ಕೂಡಲೇ ಕೈಬಿಟ್ಟು ಪಕ್ಕಕ್ಕೆ ಹೊರಳಬೇಕು, ಬಿದ್ದವನೂ ಚೆಂಡನ್ನು ಬಿಡಬೇಕು, ಹಿಡಿದುಕೊಂಡೇ ಇದ್ದರೆ ಪೆನಾಲ್ಟಿ. ಎರಡನೆಯದಾಗಿ, ಕಾಲಗಂಟಿಗೆ ತಲೆಬಾಗಿಸಿ ಧುಮುಕುವ ಹಿಡಿತ ಚಿಕ್ಕ ಅಂಕಣದಲ್ಲಿ ಸರಿಹೋದರೂ, ಇಪ್ಪತ್ತು ಮೂವತ್ತು ಮೀಟರ್ ದೂರದಿಂದ ಓಡಿಬರುವವನ ಮುಂದೆ ಅದೇ ತಲೆಗೆ ಕುತ್ತು. ಕಬಡ್ಡಿಯಲ್ಲಿ ನುರಿತವನಿಗೆ ರಗ್ಬಿ ಕಲಿಸುವ ಅಗತ್ಯವಿಲ್ಲ ಎಂದು ತಿಳಿಯುವ ಕಾಲೇಜುಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಆಟದ ನಿಯಮಗಳೂ ವರ್ಷದಿಂದ ವರ್ಷಕ್ಕೆ ತಲೆಯ ರಕ್ಷಣೆಯ ಕಡೆಗೇ ಸಾಗುತ್ತಿವೆ. ಭುಜದ ಮಟ್ಟಕ್ಕಿಂತ ಮೇಲೆ ಹಿಡಿಯುವುದು ಎಲ್ಲೆಡೆ ತಪ್ಪು. ಅಪಾಯಕಾರಿಯಾಗಿದ್ದರೆ ಹಳದಿ ಕಾರ್ಡ್, ಕೆಂಪು ಕಾರ್ಡ್ ಬರುತ್ತದೆ. ಫ್ರಾನ್ಸ್ 2019ರಿಂದ ಹವ್ಯಾಸಿ ಆಟದಲ್ಲಿ ಟ್ಯಾಕಲಿನ ಎತ್ತರವನ್ನು ಸೊಂಟದ ಮಟ್ಟಕ್ಕೆ ಇಳಿಸಿತು. ಇಂಗ್ಲೆಂಡ್ 2023-24ರ ಋತುವಿನಿಂದ ಅದನ್ನು ಎದೆಯ ನಡುವಿನ ಎಲುಬಿನ ಕೆಳತುದಿಯ ಮಟ್ಟಕ್ಕೆ ತಂದಿತು. ಸ್ಕ್ರಮ್ಮಿನ ಮುಂದಿನ ಸಾಲಿಗೆ ತರಬೇತಿ ಪಡೆದವರು ಸಾಕಷ್ಟಿಲ್ಲದಿದ್ದರೆ ತಳ್ಳಾಟವಿಲ್ಲದೆ ಸ್ಕ್ರಮ್ ನಡೆಸಬೇಕೆಂಬ ನಿಯಮವೂ ಇದೆ. ಈ ನಿಯಮವನ್ನು ಕೇಳಿ ಪಡೆಯಲು ಕಾಲೇಜು ತಂಡಗಳು ಸಂಕೋಚಪಡುವುದನ್ನು ನೋಡಿದ್ದೇನೆ. ಸಂಕೋಚ ಬೇಡ, ಕುತ್ತಿಗೆಯ ಪ್ರಶ್ನೆ ಅದು. ಇಷ್ಟಕ್ಕೂ ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ನಡೆಯುವುದು ಏಳು ಜನರ ಸೆವೆನ್ಸ್, 2016ರ ರಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿರುವುದೂ ಅದೇ. ಏಳೇಳು ನಿಮಿಷದ ಎರಡು ಅವಧಿಗಳ ಈ ಆಟದಲ್ಲಿ ಸ್ಕ್ರಮ್ಮಿಗೆ ಬರುವವರು ಮೂರು ಮೂರು ಜನ ಮಾತ್ರ, ಹೊಸಬರಿಗೆ ಇದೇ ಒಳ್ಳೆಯ ಆರಂಭ.

ತಲೆಗೆ ಏಟಾದಾಗ ಏನು ಮಾಡಬೇಕೆಂಬುದನ್ನು ಕ್ಲಬ್ಬಿನ ಕೊನೆಯ ಆಟಗಾರನೂ ತಿಳಿದಿರಬೇಕು. ಮಿದುಳಿಗೆ ಆಘಾತವಾಗಲು ಎಚ್ಚರ ತಪ್ಪಲೇಬೇಕೆಂದೇನೂ ಇಲ್ಲ. ತಲೆಸುತ್ತು, ವಾಕರಿಕೆ, ಬೆಳಕು ಸಹಿಸಲಾಗದಿರುವುದು, ಸ್ಕೋರ್ ಎಷ್ಟೆಂದು ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಆ ಆಟಗಾರನನ್ನು ಹೊರಗೆ ಕರೆದುಕೊಳ್ಳಬೇಕು, ಅದೇ ದಿನ ಮತ್ತೆ ಆಡಿಸುವಂತಿಲ್ಲ. ಅವನು 'ನನಗೇನೂ ಆಗಿಲ್ಲ' ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನಮ್ಮ ನಗರದ ಮಟ್ಟಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಅಂಥ ವಿದ್ಯಾರ್ಥಿಯನ್ನು ಲೋಕಲ್ ರೈಲಿನಲ್ಲಿ ಒಬ್ಬನನ್ನೇ ಮನೆಗೆ ಕಳುಹಿಸಬಾರದು. ಸಂಜೆಯ ಜನಜಂಗುಳಿಯಲ್ಲಿ ಬಾಗಿಲ ಬಳಿ ನಿಂತು ಕಲ್ಯಾಣಕ್ಕೋ ವಿರಾರಿಗೋ ಹೋಗುವ ಹುಡುಗನಿಗೆ ತಲೆ ತಿರುಗಿದರೆ ಏನಾದೀತೆಂದು ಯೋಚಿಸಿದರೆ ಸಾಕು. ಜೊತೆಗೆ ಒಬ್ಬರು ಹೋಗಬೇಕು, ಮನೆಯವರಿಗೆ ಫೋನ್ ಮಾಡಬೇಕು, ವೈದ್ಯರು ಒಪ್ಪಿದ ಮೇಲೂ ಹಂತಹಂತವಾಗಿ ಆಟಕ್ಕೆ ಮರಳಿಸಬೇಕು. ಮೆತ್ತನೆಯ ಸ್ಕ್ರಮ್ ಕ್ಯಾಪ್ ಹಾಕಿದರೆ ತಲೆಗೆ ಅಪಾಯವಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಅದು ಕಿವಿಯನ್ನೂ ತಲೆಯ ಚರ್ಮವನ್ನೂ ಗೀರುಗಳಿಂದ ಕಾಪಾಡಬಹುದೇ ಹೊರತು ಮಿದುಳಿನ ಆಘಾತವನ್ನು ತಡೆಯಲಾರದು. ಹಲ್ಲಿಗೆ ಮಾತ್ರ ಮೌತ್‌ಗಾರ್ಡ್ ಬೇಕೇ ಬೇಕು. ಬಿಸಿನೀರಿನಲ್ಲಿ ಮೆದುಮಾಡಿ ಕಚ್ಚಿ ಹೊಂದಿಸಿಕೊಳ್ಳುವ ಸಾಮಾನ್ಯ ಬಗೆಯದು ಆರಂಭಕ್ಕೆ ಸಾಕು. ಫುಟ್‌ಬಾಲಿನ ಸ್ಟಡ್ಸ್ ಬೂಟು ಇದ್ದರೆ ಹೊಸದು ಕೊಳ್ಳಬೇಕಾಗಿಲ್ಲ; ಅಂಚು ಹರಿತವಾಗಿರಬಾರದು ಅಷ್ಟೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯ ವಿರೋಧ ಇಮ್ಮಡಿಯಾಗಿರುತ್ತದೆ. ಮುಖಕ್ಕೆ ಗಾಯವಾದರೆ ಮುಂದೆ ಮದುವೆಗೆ ತೊಡಕಾದೀತು ಎಂದು ನನ್ನೆದುರೇ ಹೇಳಿದವರಿದ್ದಾರೆ. ಅವರಿಗೆ ನಾನು ಪುಣೆಯ ವಾಹ್ಬಿಜ್ ಭರೂಚಾ ಅವರ ಹೆಸರು ಹೇಳುತ್ತೇನೆ. ಭಾರತದ ಮಹಿಳಾ ತಂಡದ ನಾಯಕಿಯಾದವರು ಅವರು. 2019ರ ಜೂನ್‌ನಲ್ಲಿ ಮನಿಲಾದಲ್ಲಿ ಸಿಂಗಪುರದ ವಿರುದ್ಧ ಭಾರತದ ಮಹಿಳೆಯರು ಹದಿನೈದು ಜನರ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆದುದನ್ನೂ ಹೇಳುತ್ತೇನೆ. ನಮ್ಮ ಕ್ಲಬ್ಬಿನ ಹುಡುಗಿಯರು ಹುಡುಗರಿಗಿಂತ ತಾಳ್ಮೆಯಿಂದ ಟ್ಯಾಕಲ್ ಕಲಿಯುತ್ತಾರೆ, ಹೀಗಾಗಿ ಬೇಗ ಚೆನ್ನಾಗಿ ಕಲಿಯುತ್ತಾರೆ ಎಂಬುದು ನನ್ನ ಅನುಭವ.

'ಇದು ನಮ್ಮ ಆಟವಲ್ಲ' ಎನ್ನುವವರಿಗೂ ಉತ್ತರ ಕೊಡಬೇಕಾಗಿದೆ. ಕಲ್ಕತ್ತೆಯಲ್ಲಿ 1872ರ ಕ್ರಿಸ್‌ಮಸ್ ದಿನ ರಗ್ಬಿ ಪಂದ್ಯ ನಡೆದು, ಮರುವರ್ಷ ಅಲ್ಲಿ ಒಂದು ಕ್ಲಬ್ ಹುಟ್ಟಿತು. ಸದಸ್ಯರು ಕರಗುತ್ತ ಹೋಗಿ ಕೆಲವೇ ವರ್ಷಗಳಲ್ಲಿ ಅದು ಮುಚ್ಚಿದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತಿರುವ ಕಲ್ಕತ್ತಾ ಕಪ್ ಅದೇ. ಆ ಕ್ಲಬ್ ಬ್ರಿಟಿಷರದ್ದಾಗಿತ್ತು, ಹೊಸಬರಿಲ್ಲದೆ ಮುಗಿಯಿತು. ನಮ್ಮದೇ ನಗರದ ಕಥೆ ಇದಕ್ಕೆ ವ್ಯತಿರಿಕ್ತವಾದುದು. ಬಾಂಬೆ ಜಿಮ್ಖಾನಾದ ಮೈದಾನದಲ್ಲಿ ಮಳೆಗಾಲದ ರಗ್ಬಿಯನ್ನು ಪಕ್ಕದ ಫ್ಯಾಷನ್ ಸ್ಟ್ರೀಟಿನ ಬೀದಿಯ ಮಕ್ಕಳು ನಿಂತು ನೋಡುತ್ತಿದ್ದರು. ಅಲ್ಲಿ ಆಡುತ್ತಿದ್ದ ಮ್ಯಾಥ್ಯೂ ಸ್ಪೇಸಿ ಆ ಮಕ್ಕಳನ್ನು ಒಳಗೆ ಕರೆದು ಆಟ ಕಲಿಸಿದರು. 1999ರಲ್ಲಿ ಬಡ ಮಕ್ಕಳಿಗಾಗಿ ದುಡಿಯುವ ಮ್ಯಾಜಿಕ್ ಬಸ್ ಸಂಸ್ಥೆ ಹುಟ್ಟಿದ್ದು ಆ ಸಂಗದಿಂದ. ಬೀದಿಬದಿಯ ಆ ಮಕ್ಕಳಿಗೆ ಒಗ್ಗಿದ ಆಟ ಮುಲುಂಡಿನ, ಡೊಂಬಿವಲಿಯ, ಮೀರಾ ರೋಡಿನ ನಮ್ಮ ಮಕ್ಕಳಿಗೆ ಒಗ್ಗದಿರಲು ಕಾರಣವೇ ಇಲ್ಲ. 2025ರ ಜೂನ್‌ನಲ್ಲಿ ಅಂಧೇರಿಯ ಕ್ರೀಡಾ ಸಂಕುಲದಲ್ಲಿ ಆರು ತಂಡಗಳ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಬೆಂಗಳೂರಿನ ಹೆಸರಿನದೂ ಒಂದು ತಂಡ ಅದರಲ್ಲಿತ್ತು.

ಅಡಚಣೆಗಳಿಲ್ಲವೆಂದಲ್ಲ. ಮೈದಾನದ ಕೊರತೆ ಎಲ್ಲಕ್ಕಿಂತ ದೊಡ್ಡದು. ಸ್ವಂತ ಬಯಲಿಲ್ಲದ ಕಾಲೇಜುಗಳೇ ಹೆಚ್ಚು, ಇರುವ ಸಾರ್ವಜನಿಕ ಮೈದಾನಗಳಲ್ಲಿ ಕ್ರಿಕೆಟ್ಟಿನ ಪಿಚ್ಚುಗಳ ನಡುವೆ ಜಾಗ ಹುಡುಕಬೇಕು. ಮಳೆಗಾಲದಲ್ಲಿ ಕ್ರಿಕೆಟ್ ಕಡಿಮೆಯಾದಾಗ ಸಿಗುವ ಮೂರು ತಿಂಗಳೇ ನಮಗೆ ಭಾಗ್ಯ, ಕೆಸರಿನಲ್ಲಿ ಬೀಳುವುದು ಹೊಸಬರಿಗೆ ಹಿತವೂ ಹೌದು. ವಿಶ್ವವಿದ್ಯಾಲಯದ ಶೇ. 75ರ ಹಾಜರಿಯ ನಿಯಮ ಇನ್ನೊಂದು ಚಿಂತೆ. ಬೆಳಿಗ್ಗೆ ಅಭ್ಯಾಸ ಮುಗಿಸಿ ಮೊದಲ ತರಗತಿಗೆ ಹತ್ತು ನಿಮಿಷ ತಡವಾಗಿ ಬಂದವನನ್ನು ಹೊರಗೆ ನಿಲ್ಲಿಸುವ ಸಹೋದ್ಯೋಗಿಗಳು ಸ್ವಲ್ಪ ಸಡಿಲಿಸಬೇಕೆಂದು ಇಲ್ಲಿಯೇ ವಿನಂತಿಸುತ್ತೇನೆ. ಹೋಟೆಲಿನಲ್ಲಿ, ಅಂಗಡಿಯಲ್ಲಿ ತಂದೆಗೆ ನೆರವಾಗುತ್ತ ಓದುವ ಮಕ್ಕಳಿಗೆ ವಾರಕ್ಕೆ ಎರಡು ದಿನದ ಅಭ್ಯಾಸವೂ ದುಬಾರಿಯೇ. ಅಂಥವರಿಗೆ ತಂಡದ ಬಾಗಿಲು ಮುಚ್ಚದೆ, ಬರಲಾಗುವ ದಿನ ಬನ್ನಿ ಎನ್ನುವ ಕ್ಲಬ್ ನನ್ನ ದೃಷ್ಟಿಯಲ್ಲಿ ಒಳ್ಳೆಯ ಕ್ಲಬ್.

ಕಾಲೇಜುಗಳ ಆಡಳಿತಕ್ಕೆ ನನ್ನ ಕೋರಿಕೆ ಸ್ಪಷ್ಟವಾಗಿದೆ. ಅರ್ಹತೆ ಪಡೆದ ಕೋಚ್, 'ಈ ವಿದ್ಯಾರ್ಥಿಗೆ ಬೀಳಲೂ ಟ್ಯಾಕಲ್ ಮಾಡಲೂ ಬರುತ್ತದೆ' ಎಂದು ಸಹಿ ಹಾಕಿ ಕೊಡುವವರೆಗೆ ಯಾರನ್ನೂ ಪಂದ್ಯಕ್ಕೆ ಕಳುಹಿಸಬಾರದು. ಅಷ್ಟರೊಳಗೆ ಪಂದ್ಯಾವಳಿ ಬಂದರೆ ಆ ವರ್ಷ ತಂಡ ಇಳಿಸದಿರುವುದೇ ಸರಿ. ಪೆಟ್ಟಾದರೆ ಹೊಣೆ ನಮ್ಮದಲ್ಲ ಎಂಬ ಮುಚ್ಚಳಿಕೆಗೆ ಹೆತ್ತವರ ಸಹಿ ಹಾಕಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಿ, ಆಟಗಾರರಿಗೆ ಅಪಘಾತ ವಿಮೆ ಮಾಡಿಸಬೇಕು. ಹೆತ್ತವರಿಗೆ ನಾನು ಹೇಳುವುದು, ಬೇಡ ಎನ್ನುವ ಮೊದಲು ಒಂದು ಸಂಜೆ ಅಭ್ಯಾಸ ನೋಡಲು ಬನ್ನಿ. ಕೋಚ್ ಹೊಸಬರನ್ನು ಬೇರೆಯಾಗಿ ಕಲಿಸುತ್ತಾರೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೈದಾನದಲ್ಲಿ ಇದೆಯೇ, ಹತ್ತಿರದ ಆಸ್ಪತ್ರೆ ಯಾವುದೆಂದು ಅಲ್ಲಿರುವವರಿಗೆ ಗೊತ್ತಿದೆಯೇ ಎಂದು ಕೇಳಿ. ಸಮಾಧಾನವಾಗುವ ಉತ್ತರ ಸಿಗದಿದ್ದರೆ ಮಗನನ್ನೋ ಮಗಳನ್ನೋ ಹಿಂದಕ್ಕೆ ಕರೆದುಕೊಳ್ಳಿ, ನಾನೂ ನಿಮ್ಮ ಪರ. ಉತ್ತರ ಸಿಕ್ಕರೆ ಆಡಲು ಬಿಡಿ. ರೆಫರಿಯ ಜೊತೆ ನಾಯಕನೊಬ್ಬನೇ ಮಾತನಾಡುವ, ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಟ್ಟಿಗೆ ಕುಳಿತು ತಿನ್ನುವ ಸಂಪ್ರದಾಯದ ಆಟವಿದು. ಮಳೆಯಲ್ಲಿ ನೆಂದು, ಎದುರಾಳಿಗಳ ಜೊತೆಯಲ್ಲೇ ವಡಾಪಾವ್ ಹಂಚಿಕೊಳ್ಳುವ ಮಕ್ಕಳನ್ನು ನೋಡಿದರೆ ನಿಮಗೂ ಸಂತೋಷವಾಗುತ್ತದೆ.

ನಗರದ ಕನ್ನಡ ಮತ್ತು ತುಳು ಸಂಘಟನೆಗಳಿಗೂ ಒಂದು ಸಲಹೆ. ವಾರ್ಷಿಕ ಕ್ರೀಡಾಕೂಟಗಳಲ್ಲಿ ಹಗ್ಗಜಗ್ಗಾಟ, ತ್ರೋಬಾಲ್, ಕಬಡ್ಡಿಗಳ ಜೊತೆಗೆ ಟಚ್ ರಗ್ಬಿಯನ್ನೂ ಸೇರಿಸಬಹುದು. ಕೆಡಹುವುದಿಲ್ಲ, ಕೈಯಿಂದ ಮುಟ್ಟಿದರೆ ಸಾಕು. ಆರು ಬಾರಿ ಮುಟ್ಟಿಸಿಕೊಂಡರೆ ಚೆಂಡು ಎದುರು ತಂಡಕ್ಕೆ. ಒಂದು ಚೆಂಡು, ನಾಲ್ಕು ಗುರುತುಗಳಿದ್ದರೆ ತಂದೆ-ಮಗಳೂ ಒಂದೇ ತಂಡದಲ್ಲಿ ಆಡಬಹುದು. ಚೆಂಡನ್ನು ಹಿಂದಕ್ಕೇ ಪಾಸ್ ಮಾಡಬೇಕೆಂಬ ಈ ಆಟದ ವಿಶೇಷ ನಿಯಮ ಮೈಗೆ ಹತ್ತುವುದು ಇದರಿಂದಲೇ. ಇಂಥ ಕೂಟಕ್ಕೆ ನಮ್ಮ ಕ್ಲಬ್ಬಿನ ಹಿರಿಯ ಆಟಗಾರರನ್ನು ಕಲಿಸಲು ಕಳುಹಿಸಿಕೊಡಲು ನಾನು ಸಿದ್ಧಳಿದ್ದೇನೆ.

ತಮ್ಮ ಕ್ರೀಡಾ ಪುಟದಲ್ಲಿ ಮಳೆಗಾಲದ ಕಾಲೇಜು ರಗ್ಬಿಯ ಫಲಿತಾಂಶಗಳಿಗೆ ನಾಲ್ಕು ಸಾಲಿನ ಜಾಗ ಕೊಡಬೇಕೆಂದೂ, ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಒತ್ತುವ ಟ್ರೈ ಒಂದಕ್ಕೆ 5 ಅಂಕ, ಅದರ ಬೆನ್ನಿಗೆ ಬರುವ ಕನ್ವರ್ಷನ್ ಒದೆತಕ್ಕೆ 2, ಪೆನಾಲ್ಟಿ ಒದೆತಕ್ಕೆ 3 ಎಂಬಷ್ಟು ವಿವರವನ್ನಾದರೂ ಓದುಗರಿಗೆ ತಿಳಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾಲೇಜು ಉಪನ್ಯಾಸಕಿ,
ಮುಲುಂಡ್, ಮುಂಬಯಿ